ಗಿಡದ ಬೂಷ್ಟು, ಗೋಡೆಯ ಬೂಷ್ಟು

ನಮ್ಮ ತೋಲ್ಪೆಟ್ಟಿ ವಯನಾಡು ಜಿಲ್ಲೆಯ ಬಡಗಣ ಅಂಚಿನ ಊರು. ಗಡಿ ದಾಟಿದರೆ ಕೊಡಗಿನ ಕುಟ್ಟ. ರಾಜ್ಯ ಎರಡಾದರೂ ಮಳೆ ಒಂದೇ, ಕಾಫಿ ಒಂದೇ, ಕೂಲಿಗೆ ಹೋಗುವ ದಾರಿಯೂ ಒಂದೇ. ಜೂನ್‌ನಲ್ಲಿ ಮಳೆ ಹಿಡಿದರೆ ಎರಡೂ ಕಡೆ ಗೋಡೆಗೆ ಬೂಷ್ಟು ಬರ್ತದೆ. ಅದರಲ್ಲೂ ಬಾಡಿಗೆ ಮನೆ, ತೋಟದ ಲೈನ್ ಮನೆಗಳಲ್ಲಿ ಇರುವವರಿಗೆ ಇದರ ಕಾಟ ಹೆಚ್ಚು. ಯಾಕೆ ಹೆಚ್ಚು ಅನ್ನೋದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲೇ ಉತ್ತರ ಇದೆ.

ಬೂಷ್ಟನ್ನು ಮೇಷ್ಟ್ರುಗಳು ಶಿಲೀಂಧ್ರ ಅಂತಾರೆ. ಅಣಬೆಯ ಕುಲದ್ದೇ ಅದು. ಅದರ ಬೀಜದಂಥ ಪುಡಿ ಗಾಳಿಯಲ್ಲಿ ಯಾವಾಗಲೂ ಇರ್ತದೆ, ಬಾಗಿಲು ಹಾಕಿ ತಡೆಯೋಕಾಗಲ್ಲ. ತಿನ್ನಲು ಅದಕ್ಕೆ ಮರ, ಬಟ್ಟೆ, ಕಾಗದ, ಧೂಳು ಯಾವುದಾದರೂ ನಡೀತದೆ. ಆದರೆ ನೀರಿಲ್ಲದೆ ಮೊಳೆಯಲ್ಲ. ಸೋರುವ ನೀರೇ ಆಗಬೇಕಿಲ್ಲ, ಗಾಳಿಯ ಪಸೆಯೂ ಸಾಕು. ನಾನು ಪದ ಹೇಳುವವನು. ನನಗೆ ಇದನ್ನು ಕಲಿಸಿದ್ದು ತಮಟೆ. ಆಷಾಢದಲ್ಲಿ ಒಳಗೇ ತೂಗುಹಾಕಿದ ತಮಟೆಯ ಚರ್ಮ ಒಂದು ಹನಿ ಬೀಳದಿದ್ದರೂ ಸಡಿಲಾಗಿ ದಪ್ ದಪ್ ಅಂತದೆ. ಬೆಂಕಿಗೆ ಕಾಯಿಸಿದರೆ ಮತ್ತೆ ನಾದ ಬರ್ತದೆ. ಚರ್ಮ ಕುಡಿದ ನೀರನ್ನೇ ಗೋಡೆಯೂ ಕುಡೀತದೆ. ಗೋಡೆಯನ್ನು ಎತ್ತಿ ಬೆಂಕಿಗೆ ಹಿಡಿಯೋಕಾಗಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಹಿರಿಯರ ಮಣ್ಣಿನ ಮನೆಗಳಿಗೆ ಇದರ ಉಪಾಯ ಗೊತ್ತಿತ್ತು. ಹುಲ್ಲಿನ ಮಾಡು ಗೋಡೆಯಿಂದ ಮೊಳಕಾಲ್ದ ಹೊರಗೆ ಚಾಚಿರೋದು, ಎರಚಲು ಗೋಡೆಗೆ ತಾಗುತ್ತಿರಲಿಲ್ಲ. ಒಲೆ ಇಡೀ ದಿನ ಉರಿದು ಅಟ್ಟ ಒಣಗಿರೋದು. ಗೋಡೆಗೆ ಸುಣ್ಣ ಬಳಿಯೋರು. ಸುಣ್ಣದ ಖಾರಕ್ಕೆ ಬೂಷ್ಟು ಬೇರು ಬಿಡಲ್ಲ. ಆ ಹೊಗೆ ಹೆಂಗಸರ ಕಣ್ಣನ್ನೂ ಎದೆಯನ್ನೂ ತಿಂದಿತು ಅನ್ನೋದು ನಿಜ, ಆ ಕಾಲವೇ ಚೆಂದ ಅಂತ ನಾನು ಹೇಳಲ್ಲ. ಮಾಡು ಸೋರಿದರೆ ಮನೆಯವರೇ ಹುಲ್ಲು ಹೊದಿಸುತ್ತಿದ್ದರು ಅನ್ನೋದು ಮುಖ್ಯ.

ಎಲ್ಲರಿಗೂ ಆ ಹಕ್ಕು ಇರಲಿಲ್ಲ. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನೂ ಅಡಿಯರನ್ನೂ ಒಂದಿಷ್ಟು ಹಣ ಕೊಟ್ಟು ವರ್ಷದ ಜೀತಕ್ಕೆ ಹಿಡಿಯುತ್ತಿದ್ದ ಸಂಗತಿ ಎಲ್ಲರಿಗೂ ಗೊತ್ತು. ಅವರ ಗುಡಿಸಲು ನಿಂತದ್ದು ಧಣಿಯ ನೆಲದಲ್ಲಿ. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ನೆಲ ಇನ್ನೊಬ್ಬರದಾದರೆ ಮಾಡು ಸೋರ್ತದೆ ಅಂತ ಹೇಳೋಕೂ ಬಾಯಿ ಬರಲ್ಲ.

ಕಾಫಿ ತೋಟಗಳಲ್ಲೂ ಹೀಗೇ ಆಯಿತು. ಕೊಡಗು 1834ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. 1854ರಲ್ಲಿ ಫೌಲರ್ ಅನ್ನೋ ದೊರೆ ಮಡಿಕೇರಿಯಲ್ಲಿ ತೋಟ ಹಾಕಿದ. ಆಮೇಲೆ ತೋಟಗಳು ಹಬ್ಬಿದವು, ಮೇಸ್ತ್ರಿಗಳು ಘಟ್ಟದ ಕೆಳಗಿಂದಲೂ ಮೈಸೂರು ಸೀಮೆಯಿಂದಲೂ ಆಳು ತಂದರು. ಆಳುಗಳಿಗೆ ಕಟ್ಟಿದ್ದು ಒಂದೇ ಸಾಲಿನ ಕೋಣೆಗಳು. ಕೊಡಗಿನಲ್ಲಿ ಲೈನ್ ಮನೆ ಅಂತಾರೆ, ವಯನಾಡಿನಲ್ಲಿ ಪಾಡಿ ಅಂತಾರೆ. ಅಕ್ಕಪಕ್ಕದ ಗೋಡೆ ಒಂದೇ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗೋಕೆ ದಾರಿಯಿಲ್ಲ. ಮೇಲೆ ತಗಡು. ಅನ್ನ ಬೇಯುವ ಹಬೆ ತಣ್ಣನೆಯ ತಗಡಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಹೊರಗೆ ಮಳೆ ನಿಂತರೂ ಒಳಗೆ ಮಳೆ.

ಅದೇ ಕಾಲದಲ್ಲಿ ಗಿಡಕ್ಕೂ ಬೂಷ್ಟು ಬಂತು. 1869ರಲ್ಲಿ ಸಿಲೋನಿನಲ್ಲಿ ಎಲೆತುಕ್ಕು ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿತು, ನಮ್ಮ ಕಡೆಗೂ ಬಂತು. ಅದನ್ನು ನೋಡಲು 1880ರಲ್ಲಿ ಮಾರ್ಷಲ್ ವಾರ್ಡ್ ಅನ್ನುವ ವಿದ್ವಾಂಸನನ್ನು ಇಂಗ್ಲೆಂಡಿನಿಂದ ಸಿಲೋನಿಗೆ ಕಳಿಸಿದರು. ಕಾಫಿಯ ಕೊಳೆರೋಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ನಮ್ಮ ಕನ್ನಡದ ‘ಕೊಳೆರೋಗ’ ಅನ್ನೋ ಮಾತೇ ಇದೆ. 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿದ್ಧವಾಯಿತು. ಇವತ್ತಿಗೂ ನಾವು ಅದನ್ನೇ ಹೊಡೀತೀವಿ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರವೇ ಆಯಿತು. ಮಳೆಗೆ ಮುಂಚೆ ನೆರಳು ಕಡಿದು ಗಿಡಕ್ಕೆ ಗಾಳಿ ಬಿಡಬೇಕು, ಕೊಂಬೆ ಬಿಡಿಸಬೇಕು ಅಂತ ಪ್ರತಿ ತೋಟಗಾರನಿಗೂ ಗೊತ್ತು. ಆ ಕೆಲಸ ಮಾಡುವವನು ಸಂಜೆ ವಾಪಸಾಗುವ ಕೋಣೆಗೆ ಮಾತ್ರ ಗಾಳಿ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಗಿಡದ ರೋಗ ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಕಾಣ್ತಿತ್ತು. ಕೂಲಿಯ ಮಗುವಿನ ಗೂರಲು ಯಾವ ಪುಸ್ತಕಕ್ಕೂ ಏರಲಿಲ್ಲ.

1951ರ ತೋಟಗಾರಿಕಾ ಕಾರ್ಮಿಕರ ಕಾನೂನು ಆಳುಗಳಿಗೆ ಮನೆ ಕೊಡುವುದು ಮಾತ್ರವಲ್ಲ, ಅದನ್ನು ಸುಸ್ಥಿತಿಯಲ್ಲಿ ಇಡುವುದೂ ಮಾಲೀಕರ ಹೊಣೆ ಅಂದಿತು. ಆದರೆ ಸಣ್ಣ ತೋಟಗಳು ಅದರ ಲೆಕ್ಕಕ್ಕೆ ಬರಲಿಲ್ಲ. ಊರಿನ ಬಾಡಿಗೆ ಮನೆಗಳಂತೂ ಅದರ ಹೊರಗೇ. ಒದ್ದೆ ಮನೆಗೂ ಬೂಷ್ಟಿಗೂ ಕೆಮ್ಮು, ಗೂರಲಿಗೂ ನಂಟಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪುಸ್ತಕವನ್ನೇ ಹೊರಡಿಸಿತು.

ಹಾಗಾದರೆ ಈಗ ಯಾರು ಏನು ಮಾಡಬೇಕು? ಮನೆಯಲ್ಲಿ ಇರುವವರ ಕೆಲಸ ಇಷ್ಟು. ಮಳೆ ಬಿಟ್ಟ ಹೊತ್ತಿನಲ್ಲಿ ಎದುರುಬದುರು ಬಾಗಿಲು, ಕಿಟಕಿ ತೆರೆಯಿರಿ. ಪೆಟ್ಟಿಗೆ, ಬೀರುಗಳನ್ನು ಗೋಡೆಯಿಂದ ಒಂದು ಗೇಣು ಈಚೆಗಿಡಿ. ಒದ್ದೆಯಾದದ್ದನ್ನು ಎರಡು ದಿನದೊಳಗೆ ಒಣಗಿಸಿ. ಮಲಗುವ ಕೋಣೆಯಲ್ಲಿ ಬಟ್ಟೆ ಹರವಬೇಡಿ. ಬೂಷ್ಟನ್ನು ಒಣಗಿದ ಪೊರಕೆಯಲ್ಲಿ ಗುಡಿಸಿದರೆ ಪುಡಿ ಮನೆಯೆಲ್ಲ ಹಾರ್ತದೆ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಒಣಗಿಸಿ.

ಮಾಲೀಕರ ಕೆಲಸ ಬೇರೆ. ಸೋರುವ ಮಾಡು, ನೆಲದಿಂದ ಗೋಡೆಗೆ ಏರುವ ನೀರು, ಗೋಡೆಯ ಬುಡಕ್ಕೆ ಹರಿಯುವ ಸೂರಿನ ನೀರು, ಹಬೆ ಹೋಗಲು ದಾರಿ, ಇವು ಬಾಡಿಗೆಯವರ ಕೈಲಿಲ್ಲ. ಬೂಷ್ಟಿನ ಮೇಲೆ ಬಣ್ಣ ಬಳಿದು ಹೊಸಬರಿಗೆ ಮನೆ ಕೊಟ್ಟರೆ ಮುಂದಿನ ಮಳೆಗೆ ಬಣ್ಣವೇ ಸಿಪ್ಪೆಯಾಗಿ ಏಳ್ತದೆ. ಮೊದಲು ನೀರು ನಿಲ್ಲಿಸಬೇಕು, ಗೋಡೆ ಒಣಗಿಸಬೇಕು, ಆಮೇಲೆ ಸುಣ್ಣ.

ದೂರದಿಂದ ಬಂದು ನಮ್ಮೂರಲ್ಲಿ ಬಾಡಿಗೆಗಿರುವ ಮೇಷ್ಟ್ರುಗಳೇ, ನಿಮ್ಮ ಗೋಡೆ ಕಪ್ಪಾದರೆ ಅದು ನಿಮ್ಮ ಕೊಳಕುತನ ಅಂತ ನಾಚಬೇಡಿ. ಮಳೆಗೆ ಮುಂಚೆಯೇ ಮಾಲೀಕರನ್ನು ಕರೆದು ಮಾಡು ತೋರಿಸಿ. ಶಾಲೆಯಲ್ಲಿ ಪದೇ ಪದೇ ಕೆಮ್ಮುವ ಲೈನ್ ಮನೆಯ ಮಗುವಿದ್ದರೆ ಆಸ್ಪತ್ರೆಗೆ ಕಳಿಸುವುದರ ಜೊತೆಗೆ ಅದು ಮಲಗುವ ಗೋಡೆ ಹೇಗಿದೆ ಅಂತಲೂ ಕೇಳಿ. ತೋಟ ಇರುವ ನಾವು ಮೇ ತಿಂಗಳಲ್ಲಿ ಬೋರ್ಡೋಗೆ ಸುಣ್ಣ ತರ್ತೀವಲ್ಲ, ಆಗ ಆಳುಗಳ ಮನೆ ಗೋಡೆಗೂ ಎರಡು ಚೀಲ ಹೆಚ್ಚು ತರೋಣ.