ಬೆನ್ನು ತಿರುಗಿಸಿ ನೋಡಿ: ಟೋಪಿ ಬ್ಯಾಡ್ಜಿನ ಅಸಲಿ, ನಕಲಿ

ಇವತ್ತಿನ ವಿಷಯ ಅಂಗೈಯೊಳಗೆ ಅಡಗುವ ಒಂದು ಹಿತ್ತಾಳೆ ತುಂಡು. ಎರಡು ಮೆಷಿನ್ ಗನ್‌ಗಳು ಕತ್ತರಿ ಥರ ಅಡ್ಡಡ್ಡ, ಮೇಲೊಂದು ಕಿರೀಟ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮೆಷಿನ್ ಗನ್ ಕೋರ್‌ನವರು ಟೋಪಿಗೆ ಸಿಕ್ಕಿಸ್ಕೊಳ್ತಿದ್ದ ಬ್ಯಾಡ್ಜ್ ಇದು. ಈ ದಳ ಹುಟ್ಟಿದ್ದು 1915ರ ಅಕ್ಟೋಬರ್‌ನಲ್ಲಿ, ಮುಚ್ಚಿದ್ದು 1922ರಲ್ಲಿ. ಅಷ್ಟರೊಳಗೆ ಸುಮಾರು 1,70,000 ಜನ ಇದರಲ್ಲಿ ದುಡಿದರು, 12,000ಕ್ಕೂ ಹೆಚ್ಚು ಜನ ಸತ್ತರು. ಇದಕ್ಕೆ ‘ಆತ್ಮಹತ್ಯೆ ಕ್ಲಬ್’ ಅಂತಲೇ ಅಡ್ಡಹೆಸರಿತ್ತು.

ಈ ಬ್ಯಾಡ್ಜ್ ಈಗ ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ನಕಲಿಯೂ ಬೇಕಾದಷ್ಟು. ನಕಲಿ ಆದ್ರೆ ಯಾರಪ್ಪನ ಗಂಟು ಹೋಯ್ತು ಅಂತ ಕೇಳಬಹುದು. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬಿಗೆ ಲಂಡನ್ನಿನ ಒಂದು ದಾಖಲೆ ಗೋದಾಮು ಹೊತ್ತಿ ಉರಿಯಿತು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿಯಾದವು. ಹಾಗಾಗಿ ಎಷ್ಟೋ ಮನೆಗಳಲ್ಲಿ ಮುತ್ತಜ್ಜ ಯಾವ ದಳದಲ್ಲಿದ್ದ ಅನ್ನೋದಕ್ಕೆ ಉಳಿದಿರೋ ಸಾಕ್ಷಿ ಒಂದು ಮಸುಕು ಫೋಟೊ, ಡಬ್ಬಿಯಲ್ಲೊಂದು ಬ್ಯಾಡ್ಜ್. ಆ ಡಬ್ಬಿಗೆ ನಕಲಿ ಸೇರಿಕೊಂಡ್ರೆ, ಮುತ್ತಜ್ಜ ತಾನು ಕಾಣದ ಯುದ್ಧದಲ್ಲಿ ಹೋರಾಡಿಬಿಡ್ತಾನೆ.

ಪತ್ತೆ ಹಚ್ಚೋಕೆ ಭೂತಗನ್ನಡಿಗಿಂತ ಮೊದಲು ಬೇಕಾದ್ದು ಇಸವಿ. ಕಿರೀಟ ನೋಡಿ. 1901ರಿಂದ ರಾಜರ ಕಾಲದಲ್ಲಿ ಬಳಸಿದ ಕಿರೀಟದ ಕಮಾನು ಗುಮ್ಮಟದ ಹಾಗೆ ದುಂಡಗಿರುತ್ತೆ. ಎರಡನೇ ಎಲಿಜಬೆತ್ ಬಂದ ಮೇಲೆ, 1953ರ ಹೊತ್ತಿಗೆ, ನಡುವೆ ತಗ್ಗಿರೋ ಕಿರೀಟ ಬಂತು. ಈಗ ಯಾರಾದ್ರೂ ತಗ್ಗಿರೋ ಕಿರೀಟದ ಮೆಷಿನ್ ಗನ್ ಕೋರ್ ಬ್ಯಾಡ್ಜ್ ತಂದು ‘ಯುದ್ಧಕಾಲದ್ದು ಸಾರ್’ ಅಂದ್ರೆ ಮಾತು ಮುಗೀತು. ಆ ದಳ ಮುಚ್ಚಿ 30 ವರ್ಷ ಆದ್ಮೇಲೆ ಬಂದ ಕಿರೀಟ ಅದು. ನಮ್ಮ ಸೇನೆಯಲ್ಲೂ ಇಂಥದ್ದೇ ಒಂದು ಗೆರೆ ಇದೆ: 1950ರಲ್ಲಿ ಗಣರಾಜ್ಯ ಆದ್ಮೇಲೆ ಕಿರೀಟ ಇಳಿದು ಅಶೋಕನ ಸಿಂಹ ಏರಿತು. ಅಂದಹಾಗೆ, 2022ರಲ್ಲಿ ಪಟ್ಟಕ್ಕೆ ಬಂದ ಮೂರನೇ ಚಾರ್ಲ್ಸ್ ಮತ್ತೆ ದುಂಡು ಕಮಾನನ್ನೇ ಆರಿಸಿಕೊಂಡಿದ್ದಾರೆ. ಮುಂದಿನ ಸಂಗ್ರಾಹಕರಿಗೆ ತಲೆನೋವು ಗ್ಯಾರಂಟಿ.

ಕಿರೀಟ ಸರಿಯಿದ್ರೆ ಬೆನ್ನು ತಿರುಗಿಸಿ. ಮಾರೋರು ಮುಂಭಾಗವನ್ನ ಥಳಥಳ ಅಂತ ತೋರಿಸ್ತಾರೆ, ಕಥೆ ಇರೋದು ಹಿಂದೆ. ಆಗಿನ ಸಾಮಾನ್ಯ ಬ್ಯಾಡ್ಜ್ ತಯಾರಾಗ್ತಿದ್ದದ್ದು ತೆಳು ಹಿತ್ತಾಳೆ ತಗಡನ್ನ ಎರಡು ಉಕ್ಕಿನ ಅಚ್ಚುಗಳ ನಡುವೆ ಒತ್ತಿ. ಹಾಗಾಗಿ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣಬೇಕು. ಅಗ್ಗದ ನಕಲಿ ಮಾಡೋರು ಅಸಲಿಯಿಂದಲೇ ಅಚ್ಚು ತೆಗೆದು ಲೋಹ ಕರಗಿಸಿ ಎರಕ ಹೊಯ್ತಾರೆ. ಎರಕದ್ದು ದಪ್ಪ, ಮೈಮೇಲೆ ರವೆರವೆ, ಅಲ್ಲಲ್ಲಿ ಗುಳ್ಳೆಯ ತೂತು, ಗೆರೆಗಳು ಮೊಂಡು. ಇನ್ನೊಂದು ಮಜಾ: ಲೋಹ ಆರುವಾಗ ಕುಗ್ಗುತ್ತೆ, ಹಾಗಾಗಿ ನಕಲಿ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದು. ಹಿಂದೆ ಟೋಪಿಗೆ ಸಿಕ್ಕಿಸೋ ಪಟ್ಟಿ ಇರುತ್ತಲ್ಲ, ಸ್ಲೈಡರ್, ಅದರ ಬೆಸುಗೆ ಮೊನ್ನೆ ಮೊನ್ನೆ ಹಾಕಿದಂತೆ ಹೊಳೀತಿದ್ರೆ ಅನುಮಾನ ಪಡಿ. ಅದರ ಮೇಲೆ ದೊಡ್ಡ ತಯಾರಕರ ಹೆಸರು ಒತ್ತಿದೆ ಅಂತ ಖುಷಿಪಡಬೇಡಿ. ಹೆಸರನ್ನೂ ಒತ್ತೋದು ಕಷ್ಟ ಅಲ್ಲ.

ಸವೆತ ನೋಡಿ. ಹುಣಸೆಹಣ್ಣು ಹಾಕಿ ವರ್ಷಗಟ್ಟಲೆ ತಿಕ್ಕಿದ ಮನೆಯ ದೀಪ ನೆನಪಿಸ್ಕೊಳ್ಳಿ: ಉಬ್ಬಿದ ಜಾಗ ನುಣುಪು, ಸಂದಿಯಲ್ಲಿ ಕಪ್ಪು. ದಿನಾ ಪಾಲಿಶ್ ಮಾಡಿದ ಬ್ಯಾಡ್ಜೂ ಹಾಗೇ. ಆಸಿಡ್ ಹಚ್ಚಿ ಮುದಿ ಮಾಡಿದ್ದು ಎಲ್ಲ ಕಡೆ ಒಂದೇ ಸಮ ಕಂದಿರುತ್ತೆ.

ಇದರ ಉಲ್ಟಾ ಕೂಡ ಆಗುತ್ತೆ. ಹಿತ್ತಾಳೆ ಜೊತೆ ಬಿಳಿ ಲೋಹ ಸೇರಿಸಿ ಮಾಡ್ತಿದ್ದ ಹಲವು ರೆಜಿಮೆಂಟುಗಳ ಬ್ಯಾಡ್ಜುಗಳನ್ನ 1916ರಲ್ಲಿ ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲೇ ಮಾಡಿದ್ರು. ಎರಡನೇ ಮಹಾಯುದ್ಧದಲ್ಲಿ ಪ್ಲಾಸ್ಟಿಕ್ಕಿನವೂ ಬಂದವು! ಚಿತ್ರದ ಜೊತೆ ಹೋಲಿಸಿ ‘ಬಣ್ಣ ಬೇರೆ, ನಕಲಿ’ ಅಂತ ಎಸೆದ್ರೆ, ಎಸೆದದ್ದು ಯುದ್ಧಕಾಲದ ಬಡತನದ ಅಸಲಿ ಸಾಕ್ಷಿ.

ನನಗೆ ಜಾಸ್ತಿ ಕಾಡೋದು ರೀಸ್ಟ್ರೈಕ್. ದಳ ಮುಚ್ಚಿದ್ರೂ ಕೆಲವು ಹಳೇ ಅಚ್ಚುಗಳು ಉಳಿದವು. ಅವುಗಳಿಂದಲೇ ಎಷ್ಟೋ ವರ್ಷ ಆದ್ಮೇಲೆ ಸಂಗ್ರಾಹಕರಿಗಾಗಿ ಮತ್ತೆ ಒತ್ತಿದ್ರು. ಅಚ್ಚು ಅಸಲಿ, ಬ್ಯಾಡ್ಜ್? ನನ್ನ ಪ್ರಕಾರ ಅಲ್ಲ, ಯಾಕಂದ್ರೆ ಯಾವ ಸೈನಿಕನ ತಲೆಯ ಮೇಲೂ ಅದು ಕೂತಿಲ್ಲ. ಆದ್ರೆ ಮಾಡಿದೋರನ್ನ ಕಳ್ಳರು ಅನ್ನೋಕೂ ಆಗಲ್ಲ. ಪಾಕಿಸ್ತಾನದ ಸಿಯಾಲ್‌ಕೋಟ್ ಬ್ಯಾಡ್ಜ್ ತಯಾರಿಕೆಗೆ ಹೆಸರುವಾಸಿ, ಹೊಸದನ್ನ ಹೊಸದು ಅಂತ ಮಾರಿದ್ರೆ ಅದು ಸಭ್ಯ ವ್ಯಾಪಾರ. ಮೋಸ ಶುರುವಾಗೋದು ನಡುವಿನವನು ‘1916’ ಅಂತ ಚೀಟಿ ಅಂಟಿಸಿದಾಗ. ಬಿಕಾಂನಲ್ಲಿ ಗ್ರೆಶಾಮ್ ನಿಯಮ ಓದಿದೋರಿಗೆ ಗೊತ್ತು, ಕೆಟ್ಟ ಹಣ ಒಳ್ಳೆಯ ಹಣವನ್ನ ಓಡಿಸುತ್ತೆ. ಇಲ್ಲೂ ಅದೇ: ನಕಲಿ ತುಂಬಿದ ಕಡೆ ಅಸಲಿಗೂ ಅದರ ಬೆಲೆ ಸಿಗಲ್ಲ, ಅಸಲಿ ಇಟ್ಟೋರು ಹೊರಗೆ ತೆಗೆಯೋದೇ ಇಲ್ಲ.

ಫೋಟೊ ಕಳಿಸಿ ‘ಇದು ಅಸಲಿಯಾ?’ ಅಂತ ಕೇಳೋರು ದಯವಿಟ್ಟು ಹಿಂಭಾಗದ ಫೋಟೊ ಕಳಿಸಿ. ಬೆಳಕು ಪಕ್ಕದಿಂದ ಬೀಳಲಿ, ಪಕ್ಕದಲ್ಲೊಂದು ಸ್ಕೇಲ್ ಇರಲಿ. ಮತ್ತೆ ಒಂದು ಮಾತು, ಅದಕ್ಕೂ ಮುಂಚೆ ಪಾಲಿಶ್ ಮಾತ್ರ ಹಾಕಬೇಡಿ.