ಹಾಟ್ ರಾಡ್‌ನ ಹಿಂದಿನ ಅಚ್ಚು

ಹಳೆಯ ಕಾರನ್ನು ಮನೆಯಲ್ಲೇ ಬಿಚ್ಚಿ, ಹಗುರಗೊಳಿಸಿ, ಬಲವಾದ ಎಂಜಿನ್ ಕೂರಿಸಿದರೆ ಅದು ‘ಹಾಟ್ ರಾಡ್’. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್‌ಗಳನ್ನು ಹೀಗೆ ಸಜ್ಜುಗೊಳಿಸಿ ಒಣಗಿದ ಸರೋವರಗಳ ಅಂಗಳದಲ್ಲಿ ಓಡಿಸುತ್ತಿದ್ದರು. ನೋಡುವವರ ಕಣ್ಣು ಎಂಜಿನ್ನಿನ ಮೇಲೆ. ಆದರೆ ಆ ಬಲವನ್ನು ತಡೆದುಕೊಳ್ಳಬೇಕಾದದ್ದು ಹಿಂದಿನ ಅಚ್ಚು.

1908ರ ಮಾಡೆಲ್ ಟಿಯಿಂದ 1948ರವರೆಗೆ ಫೋರ್ಡ್ ಕಾರುಗಳಲ್ಲಿ ಅಚ್ಚಿಗೆ, ಕುದುರೆಬಂಡಿಯ ರೀತಿ, ಅಡ್ಡಲಾಗಿ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತಿತ್ತು. ಅದು ಭಾರವನ್ನಷ್ಟೇ ಹೊರುತ್ತಿತ್ತು. ಚಕ್ರ ಮುಂದಕ್ಕೆ ಉರುಳುವಾಗ ಅಚ್ಚು ಹಿಮ್ಮುಖವಾಗಿ ತಿರುಚಿಕೊಳ್ಳಲು ನೋಡುತ್ತದೆ, ಅದರ ಮೂತಿ ಮೇಲಕ್ಕೇಳುತ್ತದೆ. ಅದನ್ನು ತಡೆಯುತ್ತಿದ್ದುದು ಪ್ರೊಪೆಲ್ಲರ್ ಶಾಫ್ಟನ್ನು ಮುಚ್ಚಿದ್ದ ಉಕ್ಕಿನ ಕೊಳವೆ, ‘ಟಾರ್ಕ್ ಟ್ಯೂಬ್’. 1949ರ ಮಾದರಿಯಲ್ಲಿ ಕೊಳವೆ ಹೋಗಿ, ಉದ್ದಕ್ಕೆ ಜೋಡಿಸಿದ ಎರಡು ಪಟ್ಟಿ ಸ್ಪ್ರಿಂಗುಗಳು ಭಾರವನ್ನೂ ತಿರುಚನ್ನೂ ಹೊತ್ತವು. ನಮ್ಮ ಲಾರಿಗಳಲ್ಲಿ ಕಾಣುವುದೂ ಇದೇ ವ್ಯವಸ್ಥೆ.

ಹಳೆಯ ಚಾಸಿಗೆ ಕೊಳವೆಯಿಲ್ಲದ ಹೊಸ ಅಚ್ಚು ಹಾಕಿ ಅಡ್ಡ ಸ್ಪ್ರಿಂಗನ್ನೇ ಉಳಿಸಿಕೊಂಡವರು ತಿರುಚು ತಡೆಯಲು ಗಟ್ಟಿ ಸರಳುಗಳನ್ನು ಜೋಡಿಸಲೇಬೇಕು. ಇಲ್ಲವಾದರೆ ಅಚ್ಚು ಹೊರಳಿ ಯೂನಿವರ್ಸಲ್ ಜಾಯಿಂಟ್ ಮುರಿದೀತು. ಗೇರ್ ಬಾಕ್ಸಿನ ದಂಡವೂ ಅಚ್ಚಿನ ಪಿನಿಯನ್ ದಂಡವೂ ಸಮಾನಾಂತರವಾಗಿರಬೇಕು. ತಪ್ಪಿದರೆ ಶಾಫ್ಟ್ ನಡುಗುತ್ತದೆ. ಈ ಕೋನವನ್ನು ಕಾರಿನ ಪೂರ್ಣ ಭಾರ ಚಕ್ರಗಳ ಮೇಲಿರುವಾಗಲೇ ಅಳೆಯಬೇಕು, ಜಾಕಿನ ಮೇಲಲ್ಲ.

ಕೊಳವೆಯನ್ನು ಕಿತ್ತೆಸೆಯಬಹುದು; ಅದು ಮಾಡುತ್ತಿದ್ದ ಕೆಲಸವನ್ನಲ್ಲ.