ಅಕ್ಷರ ಅದಲುಬದಲಾದರೆ ಜಿಲ್ಲೆಯೇ ಬೇರೆ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸಿನ ಒಂದು ಮಗ್ಗುಲಲ್ಲಿ ಆನೆ, ಅದರ ಮೇಲೆ ಸೂರ್ಯ ಚಂದ್ರ. ತಿರುಗಿಸಿದರೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹ. ಜೊತೆಗೆ ಇಂಗ್ಲಿಷಿನ ಎರಡು ಎಕ್ಸ್, ಮುಂದೆ ‘ಕ್ಯಾಶ್’. ಎಕ್ಸ್ ಎಂದರೆ ಹತ್ತು, ಎರಡು ಎಕ್ಸ್ ಎಂದರೆ ಇಪ್ಪತ್ತು. ಮೈಸೂರು ಸೀಮೆಯ ಜನರ ಕೈಗೆ ರೋಮನ್ ಅಂಕಿ ಬಂದ ದಾರಿಗಳಲ್ಲಿ ಇದೂ ಒಂದು. ಇಂದಿನ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಮಗ್ಗೆಯ ಬೆಟ್ಟಸಾಲೂ ಆಗ ಮೈಸೂರು ಸೀಮೆಯೇ.

ಈ ಮಾದರಿಗೆ ಮೇಲ್ಪಂಕ್ತಿ ಮದ್ರಾಸಿನದು. ಈಸ್ಟ್ ಇಂಡಿಯಾ ಕಂಪನಿ 1803ರಲ್ಲಿ, ಮತ್ತೆ 1808ರಲ್ಲಿ, ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಮದ್ರಾಸ್ ಪ್ರಾಂತ್ಯಕ್ಕೆಂದು ಕಾಸು ಹೊಡೆಸಿತ್ತು. ಅವುಗಳ ಮೇಲೂ ಬೆಲೆ ಇದೇ ಎಕ್ಸ್‌ಗಳಲ್ಲಿ, ಜೊತೆಗೆ ಪಾರಸಿ ಬರಹ. ಆ ಕಾಸು ಹೇರಿಕೊಂಡು ಹೊರಟ ‘ಅಡ್ಮಿರಲ್ ಗಾರ್ಡನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬದಲ್ಲೇ ಮುಳುಗಿತು. ಮದ್ರಾಸಿನ ಸಂತೆ ಕಾಣಬೇಕಿದ್ದ ಕಾಸು, ಕಡಲಿಂದ ಮೇಲೆತ್ತಿದ ಮೇಲೆ, ಈಗ ನಾಣ್ಯ ಸಂಗ್ರಾಹಕರ ಪೆಟ್ಟಿಗೆಯಲ್ಲಿದೆ.

ಸಂತೆಯಲ್ಲಿ ಎಕ್ಸ್ ಓದಿ ಕಾಸು ಎಣಿಸಿದವರು ಹೆಚ್ಚಿರಲಾರರು. ಕಾಸಿನ ಗಾತ್ರ, ತೂಕವೇ ಬೆಲೆ ಹೇಳುತ್ತಿತ್ತು. ಲೆಕ್ಕ ಮಾಡಲು ಈ ನಾಡಿಗೆ ರೋಮಿನ ಅಂಕಿ ಬೇಕಿರಲೂ ಇಲ್ಲ. ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದವನು. ಅದೇ ಶತಮಾನದಲ್ಲಿ, 1117ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅದು ಶಕ 1039. ಕನ್ನಡ ಅಂಕಿಯಲ್ಲಿ ೧೦೩೯. ನೂರರ ಮನೆ ಖಾಲಿ ಎಂದು ಸೊನ್ನೆ ಸಾರುತ್ತದೆ. ರೋಮನ್‌ನಲ್ಲಿ ಬರೆಯಹೊರಟರೆ ಸಾವಿರಕ್ಕೆ ಎಂ, ಮೂವತ್ತಕ್ಕೆ ಮೂರು ಎಕ್ಸ್, ಒಂಬತ್ತಕ್ಕೆ ಐ-ಎಕ್ಸ್. ನೂರರ ಮಾತೇ ಇಲ್ಲ, ಏಕೆಂದರೆ ಅಲ್ಲಿ ಸ್ಥಾನವೂ ಇಲ್ಲ, ಸೊನ್ನೆಯೂ ಇಲ್ಲ. ಇಂಥ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ಗುಣಿಸಲು ಕೂತರೆ ಮಗ್ಗಿ ಬಾಯಿಪಾಠ ಬಂದವನೂ ಕೈಚೆಲ್ಲಬೇಕು.

ಹಾಗಾಗಿ ರೋಮನ್ ಅಂಕಿ ಇಲ್ಲಿ ಲೆಕ್ಕಕ್ಕಲ್ಲ, ಗುರುತಿಗೆ ಬಂತು. ಬಂದು ಗಟ್ಟಿಯಾಗಿ ಕೂತದ್ದು ಶಾಸನ ಸಂಪುಟಗಳ ಬೆನ್ನ ಮೇಲೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನಿಂದ ಆರಂಭಿಸಿ, ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನಲ್ಲಿ ಜಿಲ್ಲಾವಾರು ಅಚ್ಚುಹಾಕಿಸಿದರು. 1902ರಲ್ಲಿ ಬಂದ ಐದನೆಯದು ಹಾಸನ ಜಿಲ್ಲೆಯದು. ಸಕಲೇಶಪುರ ಸೀಮೆ ಅದರಲ್ಲಿ ಮಂಜರಾಬಾದ್ ತಾಲ್ಲೂಕಾಗಿ ಸೇರಿದೆ. ಅಂದಿನಿಂದ ಅಡಿಟಿಪ್ಪಣಿಗಳಲ್ಲಿ ಹಾಸನ ಎಂದರೆ ಒಂಟಿ ‘ವಿ’.

ಓದುಗನ ಕಣ್ಣಿಗೆ ಪರೀಕ್ಷೆ ಇಲ್ಲಿದೆ. ಐ-ವಿ ಎಂದರೆ ನಾಲ್ಕು: ಮೈಸೂರು ಜಿಲ್ಲೆಯ ಎರಡನೆಯ ಭಾಗ. ಅದೇ ಅಕ್ಷರ ಹಿಂದುಮುಂದಾಗಿ ವಿ-ಐ ಆದರೆ ಆರು: ಕಡೂರು ಜಿಲ್ಲೆ, ಅಂದರೆ ಇಂದಿನ ಚಿಕ್ಕಮಗಳೂರು. ಐ-ಎಕ್ಸ್ ಬೆಂಗಳೂರು, ಎಕ್ಸ್-ಐ ಚಿತ್ರದುರ್ಗ. ಚಿಕ್ಕದು ಎಡಕ್ಕೆ ನಿಂತರೆ ಕಳೆ, ಬಲಕ್ಕೆ ನಿಂತರೆ ಕೂಡು ಎಂಬ ನಿಯಮ ಮರೆತವನು ಚಿತ್ರದುರ್ಗದ ಕಲ್ಲನ್ನು ಬೆಂಗಳೂರಿನಲ್ಲಿ ಹುಡುಕುತ್ತಾನೆ. ಏಳು ಮತ್ತು ಎಂಟರ ನಡುವೆ ಅಚ್ಚುಮೊಳೆಯವನು ಒಂದು ಗೀಟು ನುಂಗಿದರೆ ಅಷ್ಟು ಅನಾಹುತವಿಲ್ಲ. ಎರಡೂ ಶಿವಮೊಗ್ಗವೇ, ತಾಲ್ಲೂಕು ಮಾತ್ರ ತಪ್ಪುತ್ತದೆ.

ಗೊಂದಲ ಅಲ್ಲಿಗೇ ಮುಗಿಯಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಒಂದು ಕೊಡಗು, ಎರಡು ಶ್ರವಣಬೆಳಗೊಳ. ಅಲ್ಲಿಯವರೆಗೆ ಹಳೆಯ ಕ್ರಮವೇ. ಆಮೇಲೆ ದಾರಿ ಕವಲೊಡೆಯಿತು. ರೈಸರ ಒಂದೇ ‘ವಿ’ಯಲ್ಲಿ ಹಿಡಿಸಿದ್ದ ಹಾಸನ ಹೊಸ ಕ್ರಮದಲ್ಲಿ ಒಂದಕ್ಕಿಂತ ಹೆಚ್ಚು ಸಂಪುಟಗಳಿಗೆ ಹರಡಿತು. ಆಲೂರು, ಸಕಲೇಶಪುರ ಎಂಟರಲ್ಲಿ, ಬೇಲೂರು ಒಂಬತ್ತರಲ್ಲಿ. ಮಗ್ಗೆಯ ಕಡೆಯ ಶಾಸನ ಹುಡುಕಹೊರಟವನು ಟಿಪ್ಪಣಿಯಲ್ಲಿ ವಿ-ಐ-ಐ-ಐ ಕಂಡರೆ, ಐದಕ್ಕೆ ಮೂರು ಕೂಡಿಸಿ ಎಂಟು ಎಂದರೆ ಸಾಲದು. ರೈಸರದೋ ಪರಿಷ್ಕೃತವೋ ಎಂದೂ ನೋಡಬೇಕು. ಹಳೆಯದಾದರೆ ಅದು ಶಿವಮೊಗ್ಗ. ಆವೃತ್ತಿ ನಮೂದಿಸದೆ ಬರೀ ಅಂಕಿ ಬರೆದು ಬಿಡುವ ಲೇಖಕರ ಮೇಲೆ ಸಂಶೋಧಕರಿಗೆ ಸಿಟ್ಟು ಬಂದರೆ ಅದು ನ್ಯಾಯವೇ.

ರಾಜರ ವಿಷಯದಲ್ಲಿ ಕನ್ನಡ ಈ ಅಂಕಿಗೆ ಅಷ್ಟು ಸುಲಭವಾಗಿ ಜಾಗ ಬಿಡಲಿಲ್ಲ. ಇಂಗ್ಲಿಷ್ ಪುಸ್ತಕ ಪುಲಕೇಶಿಯ ಮುಂದೆ ಎರಡು ಗೀಟು, ಬಲ್ಲಾಳನ ಮುಂದೆ ಮೂರು ಗೀಟು ಹಾಕಿದರೆ ಇಲ್ಲಿ ಇಮ್ಮಡಿ ಪುಲಕೇಶಿ, ಮುಮ್ಮಡಿ ಬಲ್ಲಾಳ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಮೈಸೂರಿನಲ್ಲಿ ಎದ್ದ ದೊಡ್ಡ ಗಡಿಯಾರದ ಮುಖದಲ್ಲಿರುವುದೂ ಕನ್ನಡ ಅಂಕಿ. ಆದರೆ ಕನ್ನಡ ಪುಸ್ತಕಗಳ ಮುನ್ನುಡಿಯ ಪುಟಗಳಲ್ಲಿ ಮಾತ್ರ ಪುಟ್ಟ ಐ-ಐ-ಐ, ಐ-ವಿ ಇಂದಿಗೂ ಠಿಕಾಣಿ ಹೂಡಿವೆ.

ಹಳ್ಳಿ ಶಾಲೆಗೆ ರೋಮನ್ ಅಂಕಿಯ ಪಾಠ ತಡವಾಗಿಯೇ ಬರುತ್ತಿತ್ತು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೇ ತರಗತಿಗೆ ಇಳಿದದ್ದು 2007ರ ಸುಮಾರಿಗೆ. ಅದಕ್ಕೂ ಮೊದಲು ಐದನೆಯಿಂದ. ಅಕ್ಷರವೇ ಗೊತ್ತಿಲ್ಲದೆ ಅಂಕಿ ಎಲ್ಲಿಂದ? ಕಲಿತ ಮೇಲೂ ಮಕ್ಕಳು ಎಡವುವುದು ನಲವತ್ತೊಂಬತ್ತರಲ್ಲಿ. ಐವತ್ತಕ್ಕೆ ಎಲ್, ಅದರಲ್ಲಿ ಒಂದು ಕಳೆದರೆ ಐ-ಎಲ್ ಎಂದು ಬರೆದುಬಿಡುತ್ತಾರೆ. ತರ್ಕವೇನೋ ಸರಿ, ನಿಯಮ ಒಪ್ಪುವುದಿಲ್ಲ. ಐ ಕಳೆಯಬಹುದಾದದ್ದು ವಿ ಮತ್ತು ಎಕ್ಸ್‌ನಿಂದ ಮಾತ್ರ, ಎಕ್ಸ್ ಕಳೆಯಬಹುದಾದದ್ದು ಎಲ್ ಮತ್ತು ನೂರರ ಸಿಯಿಂದ ಮಾತ್ರ. ಹಾಗಾಗಿ ನಲವತ್ತನ್ನು ಬೇರೆ ಬಿಡಿಸಿ ಎಕ್ಸ್-ಎಲ್, ಒಂಬತ್ತನ್ನು ಬೇರೆ ಐ-ಎಕ್ಸ್. ಹೀಗೆ ಮನೆ ಮನೆ ಬಿಡಿಸುತ್ತ ಹೋದರೆ 3999ರವರೆಗೂ ಬರೆಯಬಹುದು. ಅದರಾಚೆಗೆ ಅಕ್ಷರದ ತಲೆಯ ಮೇಲೆ ಗೆರೆ ಎಳೆದು ಸಾವಿರಪಟ್ಟು ಮಾಡಬೇಕು.